ಮೂವತ್ತು ದಿನದ ತಕರಾರು, ಇಪ್ಪತ್ತು ವರ್ಷದ ವ್ಯಾಜ್ಯ

ಬೆಂಗಳೂರಿನ ಸುತ್ತಲಿನ ಹಳ್ಳಿಗೆ ಹೊಸ ಬಡಾವಣೆ ಬರುತ್ತಿದೆ ಎಂಬ ಸಂಗತಿ ಅಲ್ಲಿನ ರೈತರಿಗೆ ಅಧಿಕೃತವಾಗಿ ತಿಳಿಯುವುದು ರಾಜ್ಯಪತ್ರದಲ್ಲಿ ಅಚ್ಚಾಗುವ ಸರ್ವೆ ನಂಬರುಗಳ ಪಟ್ಟಿಯಿಂದ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) 1976ರ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡಬೇಕು, ಜಮೀನಿನ ಮಾಲೀಕರಿಗೆ ನೋಟಿಸ್ ಹೋಗಬೇಕು, ನೋಟಿಸ್ ಕೈಸೇರಿದ 30 ದಿನಗಳೊಳಗೆ ಅವರು ತಮ್ಮ ತಕರಾರು ಹೇಳಿಕೊಳ್ಳಬೇಕು. ಆಮೇಲೆ ಸರ್ಕಾರದ ಮಂಜೂರಾತಿ, ಅಂತಿಮ ಅಧಿಸೂಚನೆ, ಜಮೀನಿನ ಸ್ವಾಧೀನ. ಇಡೀ ನಗರದ ಬೆಳವಣಿಗೆಯನ್ನು ನಿರ್ಧರಿಸುವ ಮಾಸ್ಟರ್ ಪ್ಲಾನಿಗೂ ಇಂಥದೇ ಏರ್ಪಾಡಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 13ನೇ ಸೆಕ್ಷನ್ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ 60 ದಿನ ಕೊಡುತ್ತದೆ. ಈ ದಿನಗಳಲ್ಲಿ ಕಚೇರಿಗೆ ಬಂದು ಬೀಳುವ ಅರ್ಜಿಗಳನ್ನು ಯೋಜನೆಗೆ ಎದುರಾದ ಅಡ್ಡಿಯೆಂದು ನೋಡುವುದು ನಮ್ಮಲ್ಲಿ ರೂಢಿಯಾಗಿದೆ. ಅವು ಅಡ್ಡಿಯಲ್ಲ. ಆ ನೆಲದ ಬಗ್ಗೆ ಸರ್ಕಾರಕ್ಕೆ ಪುಕ್ಕಟೆಯಾಗಿ ಸಿಗುವ ಅತ್ಯಂತ ನಂಬಲರ್ಹ ಮಾಹಿತಿ ಅವುಗಳಲ್ಲಿದೆ. ಅವನ್ನು ಓದಿ, ಒಂದೊಂದಕ್ಕೂ ಕಾರಣ ಸಮೇತ ಉತ್ತರ ಬರೆಯದೆ ಮುಂದೆ ಹೋದ ಯೋಜನೆಗಳು ಮನೆಗಳನ್ನು ಬೇಗ ಕಟ್ಟಿಲ್ಲ; ವರ್ಷಗಟ್ಟಲೆ ತಡವಾಗಿ ಕಟ್ಟಿವೆ, ಎಷ್ಟೋ ಕಡೆ ಕಟ್ಟೇ ಇಲ್ಲ.

ಅರ್ಕಾವತಿ ಬಡಾವಣೆ ಇದಕ್ಕೆ ಮೊದಲ ಸಾಕ್ಷಿ. ಜಕ್ಕೂರು, ಥಣಿಸಂದ್ರ, ರಾಚೇನಹಳ್ಳಿ, ಸಂಪಿಗೆಹಳ್ಳಿ, ಚಳ್ಳಕೆರೆ ಮೊದಲಾದ 16 ಹಳ್ಳಿಗಳ 3,339 ಎಕರೆ 12 ಗುಂಟೆ ಜಮೀನಿಗೆ 2003ರ ಫೆಬ್ರುವರಿಯಲ್ಲಿ ಪ್ರಾಥಮಿಕ ಅಧಿಸೂಚನೆ ಬಂತು. ಒಂದೇ ವರ್ಷದಲ್ಲಿ, 2004ರ ಫೆಬ್ರುವರಿಯಲ್ಲಿ, 2,750 ಎಕರೆಗೆ ಅಂತಿಮ ಅಧಿಸೂಚನೆ ಹೊರಟಿತು. ಕಾಗದದ ಮೇಲೆ ಇದು ಚುರುಕಾದ ಕೆಲಸ. ಆದರೆ 2005ರ ಏಪ್ರಿಲ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಇಡೀ ಸ್ವಾಧೀನವನ್ನೇ ರದ್ದು ಮಾಡಿತು. ಅದೇ ನವೆಂಬರ್‌ನಲ್ಲಿ ವಿಭಾಗೀಯ ಪೀಠ ಷರತ್ತುಗಳೊಂದಿಗೆ ಸ್ವಾಧೀನವನ್ನು ಎತ್ತಿಹಿಡಿಯಿತು. ಪ್ರಾಧಿಕಾರ 2006ರಲ್ಲಿ ನಿವೇಶನ ಹಂಚಿತು. ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 2010ರ ಮೇ ತಿಂಗಳಲ್ಲಿ. ಅದೂ ಷರತ್ತುಗಳನ್ನು ಉಳಿಸಿಕೊಂಡೇ ಸ್ವಾಧೀನವನ್ನು ಒಪ್ಪಿತು. ಆ ಷರತ್ತುಗಳ ಹೆಸರಿನಲ್ಲಿ 2014ರಲ್ಲಿ ನೂರಾರು ಎಕರೆ ಕೈಬಿಟ್ಟದ್ದು ದೊಡ್ಡ ವಿವಾದವಾಗಿ, ನ್ಯಾಯಮೂರ್ತಿ ಕೆಂಪಣ್ಣ ಆಯೋಗದ ವಿಚಾರಣೆಯವರೆಗೆ ಹೋಯಿತು. ಹಂಚಿಕೆ ಪತ್ರ ಕೈಯಲ್ಲಿ ಹಿಡಿದು, ಕಂತು ಪೂರ್ತಿ ಕಟ್ಟಿ, ಸೈಟು ಎಲ್ಲಿದೆ ಎಂದು ಕಚೇರಿಗೆ ಅಲೆದವರ ಮಕ್ಕಳು ಈ ನಡುವೆ ಓದು ಮುಗಿಸಿ ಕೆಲಸಕ್ಕೆ ಸೇರಿದರು.

ಇಲ್ಲಿ ನಾವು ನಿಂತು ನೋಡಬೇಕಾದದ್ದು ವಿಭಾಗೀಯ ಪೀಠ ಹಾಕಿದ ಷರತ್ತುಗಳನ್ನು. ಹಸಿರು ವಲಯದಲ್ಲಿರುವ ಜಮೀನು, ಪೂರ್ತಿ ಕಟ್ಟಡಗಳಿಂದ ತುಂಬಿರುವ ಜಮೀನು, ಧರ್ಮಾರ್ಥ, ಶಿಕ್ಷಣ ಅಥವಾ ಧಾರ್ಮಿಕ ಸಂಸ್ಥೆಗಳ ಕಟ್ಟಡವಿರುವ ಜಮೀನು, ನರ್ಸರಿ ನಡೆಯುತ್ತಿರುವ ಜಮೀನು, ಕಾರ್ಖಾನೆ ನಡೆಯುತ್ತಿರುವ ಜಮೀನು, ಸ್ವಾಧೀನದಿಂದ ಹೊರಗುಳಿದ ಪಕ್ಕದ ಜಮೀನಿನಂತೆಯೇ ಇರುವ ಜಮೀನು: ಇವುಗಳ ಮಾಲೀಕರು ತಮ್ಮದನ್ನೂ ಕೈಬಿಡುವಂತೆ ಅರ್ಜಿ ಹಾಕಬಹುದು, ಪ್ರಾಧಿಕಾರ ಅದನ್ನು ಪರಿಶೀಲಿಸಬೇಕು ಎಂದಿತು ಪೀಠ. ಈ ಆರು ಬಗೆಯಲ್ಲಿ ಕಾನೂನಿನ ಸೂಕ್ಷ್ಮ ಪ್ರಶ್ನೆ ಎನ್ನುವಂಥದ್ದು ಒಂದಾದರೂ ಇದೆಯೇ? ಒಂದು ಸರ್ವೆ ನಂಬರಿನಲ್ಲಿ ಶಾಲೆ ಇದೆಯೋ ಇಲ್ಲವೋ, ಗುಲಾಬಿ ನರ್ಸರಿ ಇದೆಯೋ ಬರೀ ಬೀಳು ಇದೆಯೋ ಎಂಬುದನ್ನು ತಿಳಿಯಲು ಹೈಕೋರ್ಟು ಬೇಕಿಲ್ಲ. ಸ್ಥಳಕ್ಕೆ ಹೋಗಿ ಮಹಜರು ಮಾಡುವ ಒಬ್ಬ ಸರ್ವೇಯರ್ ಸಾಕು. ನೋಟಿಸಿಗೆ ಉತ್ತರವಾಗಿ ಮಾಲೀಕರು ಹೇಳಬಹುದಾದದ್ದೂ ಇದನ್ನೇ. ಆಗಲೇ ಸ್ಥಳ ನೋಡಿ, ‘ನಿಮ್ಮದನ್ನು ಈ ಕಾರಣಕ್ಕೆ ಕೈಬಿಟ್ಟಿದ್ದೇವೆ’, ‘ನಿಮ್ಮದನ್ನು ಈ ಕಾರಣಕ್ಕೆ ಬಿಡಲಾಗುವುದಿಲ್ಲ’ ಎಂದು ಬರೆದು ಕೊಟ್ಟಿದ್ದರೆ ತೀರ್ಮಾನವಾಗುತ್ತಿದ್ದ ಸಂಗತಿಗಳು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಪ್ರಯಾಣ ಮಾಡಿ, ಮತ್ತೆ ಪ್ರಾಧಿಕಾರದ ಮೇಜಿಗೇ ಬಂದವು. ಜನರನ್ನು ಕೋರ್ಟಿಗೆ ಓಡಿಸಿದ್ದು ಜಮೀನು ಹೋಗುವ ಸಂಕಟವೊಂದೇ ಅಲ್ಲ. ಪಕ್ಕದವರ ಜಮೀನು ಪಟ್ಟಿಯಿಂದ ಜಾರಿಹೋಗಿ ತಮ್ಮದು ಮಾತ್ರ ಉಳಿದದ್ದಕ್ಕೆ ಯಾರೂ ಕಾರಣ ಹೇಳದೇ ಇದ್ದದ್ದು ಅವರನ್ನು ಹೆಚ್ಚು ಕೆರಳಿಸಿತು. ಕಾರಣ ಬರೆಯಬೇಕಾದ ಕಡೆ ಮನಬಂದಂತೆ ಡಿನೋಟಿಫಿಕೇಷನ್ ಮಾಡುವುದು ಕಷ್ಟ. ಕಾರಣ ಬರೆಯುವುದೇ ಬೇಕಿಲ್ಲದ ಕಡೆ ಬಲ್ಲವರ ಕೈಯೇ ಮೇಲು.

ಡಾ. ಶಿವರಾಮ ಕಾರಂತ ಬಡಾವಣೆಯದು ಇನ್ನೊಂದು ಬಗೆ. 17 ಹಳ್ಳಿಗಳ 3,546 ಎಕರೆ 12 ಗುಂಟೆಗೆ 2008ರ ಡಿಸೆಂಬರ್ 30ರಂದು ಪ್ರಾಥಮಿಕ ಅಧಿಸೂಚನೆ ಬಂತು. ಅಂತಿಮ ಅಧಿಸೂಚನೆ ವರ್ಷಗಟ್ಟಲೆ ಬರಲಿಲ್ಲ. ಜಮೀನು ತಮ್ಮದೋ ಸರ್ಕಾರದ್ದೋ ತಿಳಿಯದೆ ಜನ ಬದುಕಿದರು. ಕೆಲವರು ಮನೆ ಕಟ್ಟಿದರು, ಕೆಲವರು ಮಾರಿದರು, ಕೊಂಡವರು ಸಾಲ ಮಾಡಿ ಕಟ್ಟಿಕೊಂಡರು. ಇಷ್ಟು ತಡ ಮಾಡಿದ್ದಕ್ಕೆ ಹೈಕೋರ್ಟು ಸ್ವಾಧೀನವನ್ನು ರದ್ದುಪಡಿಸಿತ್ತು. ಸುಪ್ರೀಂ ಕೋರ್ಟು 2018ರ ಆಗಸ್ಟ್ 3ರಂದು ಆ ಆದೇಶವನ್ನು ತೆಗೆದುಹಾಕಿ ಅಂತಿಮ ಅಧಿಸೂಚನೆಗೆ ಮುಂದಾಗಿ ಎಂದಿತು. ಅಷ್ಟರಲ್ಲಿ ಹತ್ತು ವರ್ಷ ಕಳೆದು, ನಕಾಶೆಯಲ್ಲಿ ಖಾಲಿಯಿದ್ದ ನೆಲದಲ್ಲಿ ಸಾವಿರಾರು ಮನೆಗಳು ಎದ್ದಿದ್ದವು. ಅವುಗಳಲ್ಲಿ ಯಾವುವನ್ನು ಸಕ್ರಮಗೊಳಿಸಬೇಕೆಂದು ನೋಡಲು 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ನಿವೃತ್ತ ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಬೇಕಾಯಿತು. ಆ ಸಮಿತಿ ಜನರಿಂದ ದಾಖಲೆಗಳನ್ನು ಕರೆಯಿತು, ಸಹಾಯ ಕೇಂದ್ರಗಳನ್ನು ತೆರೆಯಿತು, ಕಟ್ಟಡದಿಂದ ಕಟ್ಟಡಕ್ಕೆ ಪರಿಶೀಲನೆ ನಡೆಸಿ ವರದಿಗಳನ್ನು ನ್ಯಾಯಾಲಯಕ್ಕೆ ಕೊಡುತ್ತಾ ಹೋಯಿತು. 2009ರ ಮೊದಲ ತಿಂಗಳುಗಳಲ್ಲಿ ಮುಗಿಯಬೇಕಿದ್ದ ಸ್ವರೂಪದ ಕೆಲಸ ಇದು. ಆಗ ಎಣಿಸಬೇಕಾದ ಮನೆಗಳೂ ಕಡಿಮೆಯಿದ್ದವು, ಮುರಿಯಬೇಕಾದ ಮನಸ್ಸುಗಳೂ ಕಡಿಮೆಯಿದ್ದವು.

ಅಹವಾಲು ಕೇಳುತ್ತಾ ಕುಳಿತರೆ ಮನೆ ಕಟ್ಟುವುದು ಯಾವಾಗ ಎಂಬ ಪ್ರಶ್ನೆ ಆಡಳಿತದಲ್ಲಿರುವವರಿಂದ ಮಾತ್ರವಲ್ಲ, ಬಾಡಿಗೆ ಕಟ್ಟಿ ಸೋತ ಮಧ್ಯಮ ವರ್ಗದವರಿಂದಲೂ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ದೆಹಲಿಯ ಪಕ್ಕದ ಗ್ರೇಟರ್ ನೋಯ್ಡಾದಲ್ಲಿದೆ. ಅಲ್ಲಿ ಉತ್ತರ ಪ್ರದೇಶ ಸರ್ಕಾರ 1894ರ ಭೂಸ್ವಾಧೀನ ಕಾಯ್ದೆಯ ತುರ್ತು ಕಲಮನ್ನು ಬಳಸಿ, ರೈತರ ತಕರಾರು ಕೇಳುವ ಹಂತವನ್ನೇ ಬಿಟ್ಟುಬಿಟ್ಟಿತು. ಕೈಗಾರಿಕೆಗೆಂದು ಪಡೆದ ಜಮೀನು ಬಿಲ್ಡರ್‌ಗಳ ಕೈಸೇರಿ ಅಪಾರ್ಟ್‌ಮೆಂಟುಗಳ ಬುಕಿಂಗ್ ಶುರುವಾಯಿತು. 2011ರಲ್ಲಿ ನ್ಯಾಯಾಲಯಗಳು ಒಂದರ ಹಿಂದೊಂದು ಈ ಸ್ವಾಧೀನಗಳನ್ನು ಪ್ರಶ್ನಿಸಿದವು; ಶಹಬೇರಿ ಗ್ರಾಮದ ಜಮೀನನ್ನು ರೈತರಿಗೆ ಹಿಂದಿರುಗಿಸುವ ತೀರ್ಪನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದೇ ಅಕ್ಟೋಬರ್‌ನಲ್ಲಿ ಅಲಹಾಬಾದ್ ಹೈಕೋರ್ಟು ಉಳಿದ ಹಲವು ಹಳ್ಳಿಗಳ ರೈತರಿಗೆ ಶೇ 64.7ರಷ್ಟು ಹೆಚ್ಚುವರಿ ಪರಿಹಾರವನ್ನೂ ಅಭಿವೃದ್ಧಿಪಡಿಸಿದ ಜಮೀನಿನ ಪಾಲನ್ನೂ ಕೊಡಿಸಿತು. ಇದೆಲ್ಲ ನಡೆಯುವಾಗ ಕಾಮಗಾರಿ ನಿಂತಿತ್ತು. ಬ್ಯಾಂಕಿನ ಕಂತು ಮಾತ್ರ ನಿಂತಿರಲಿಲ್ಲ. ಕೆಲವು ತಿಂಗಳು ಉಳಿಸಲು ಹೋಗಿ ವರ್ಷಗಳನ್ನು ಕಳೆದುಕೊಂಡದ್ದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ತಕರಾರು ಕೇಳುವುದು ಕೇವಲ ಶಿಷ್ಟಾಚಾರವಲ್ಲ, ಕೇಳಿದವರು ಮನಸ್ಸಿಟ್ಟು ಯೋಚಿಸಿದ್ದು ದಾಖಲೆಯಲ್ಲಿ ಕಾಣಬೇಕು ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟು 2005ರಲ್ಲೇ ಹಿಂದೂಸ್ತಾನ್ ಪೆಟ್ರೋಲಿಯಂ ಪ್ರಕರಣದಲ್ಲಿ ಹೇಳಿತ್ತು. ಮುಂದಾಲೋಚನೆಯಿದ್ದ ಯಾವ ಅಧಿಕಾರಿಗಾದರೂ ಆ ತೀರ್ಪು ಸಾಕಾದ ಎಚ್ಚರಿಕೆಯಾಗಿತ್ತು.

ಅರ್ಜಿ ಹಾಕುವವರೆಲ್ಲ ಸ್ವಾರ್ಥಿಗಳು, ಹೆಚ್ಚು ಪರಿಹಾರಕ್ಕೆ ಹಗ್ಗ ಜಗ್ಗುವವರು, ಕೆಲವರಂತೂ ರೈತರ ಹೆಸರಿನಲ್ಲಿ ಬರುವ ದಲ್ಲಾಳಿಗಳು ಎಂಬ ಮಾತೂ ಇದೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಹೇಳಿದವರ ಉದ್ದೇಶವೇನೆಂಬುದು ಬೇರೆ, ಹೇಳಿದ ಸಂಗತಿ ನಿಜವೇ ಎಂಬುದು ಬೇರೆ. ನೀರಿನ ವಿಷಯವನ್ನೇ ನೋಡಿ. ಒಂದು ಕಟ್ಟೆ ತುಂಬಿ ಕೋಡಿ ಬಿದ್ದರೆ ನೀರು ಯಾವ ಹೊಲದ ಮೇಲೆ ಹರಿದು ಯಾವ ಕೆರೆ ಸೇರುತ್ತದೆ ಎಂಬುದು ಆ ಊರಿನ ಹಿರಿಯರಿಗೆ ಗೊತ್ತು. ಕಂಪ್ಯೂಟರಿನ ಮುಂದೆ ಕುಳಿತು ರಸ್ತೆಯ ಗೆರೆ ಎಳೆಯುವವರಿಗೆ ಗೊತ್ತಿರಬೇಕೆಂದಿಲ್ಲ. ಕೋರಮಂಗಲದ ಕೆರೆಯಂಗಳದ ಮೇಲೆ ರಾಷ್ಟ್ರೀಯ ಕ್ರೀಡಾಗ್ರಾಮದ ವಸತಿ ಸಮುಚ್ಚಯ ಎದ್ದಿತು. 2022ರ ಸೆಪ್ಟೆಂಬರ್‌ನ ಮಳೆಗೆ ಬೆಳ್ಳಂದೂರು, ಯಮಲೂರಿನ ಸುತ್ತ ಕೋಟಿ ಬೆಲೆಯ ಮನೆಗಳಿಂದ ಜನರನ್ನು ದೋಣಿಯಲ್ಲೂ ಟ್ರ್ಯಾಕ್ಟರಿನಲ್ಲೂ ಹೊರತರಬೇಕಾಯಿತು. ಇಂಥ ಜಾಗದ ಯೋಜನೆಗೆ ‘ಇದು ನೀರಿನ ದಾರಿ’ ಎಂದು ಒಬ್ಬ ರೈತ ತಕರಾರು ಹಾಕಿದರೆ, ಅವನ ಮನಸ್ಸಿನಲ್ಲಿರುವುದು ಜಮೀನು ಉಳಿಸಿಕೊಳ್ಳುವ ಆಸೆಯೇ ಇದ್ದೀತು. ಆದರೂ ಅದು ನೀರಿನ ದಾರಿಯೇ. ಆ ಸಾಲಿಗೆ ಉತ್ತರಿಸದೆ ಕಡತ ಮುಚ್ಚಿದ ನಷ್ಟ ಬೀಳುವುದು ಆ ರೈತನ ಮೇಲಲ್ಲ, ಮುಂದೆ ಅಲ್ಲಿ ಸೈಟು ಕೊಳ್ಳುವವನ ಮೇಲೆ. ದಲ್ಲಾಳಿಯ ಅರ್ಜಿಯನ್ನು ತಿರಸ್ಕರಿಸುವುದಕ್ಕೂ ಕಾರಣ ಬರೆಯುವುದೇ ಸರಿಯಾದ ದಾರಿ, ಏಕೆಂದರೆ ಬರೆದ ಕಾರಣವನ್ನು ಊರೆಲ್ಲ ಓದುತ್ತದೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಅದನ್ನು ಸುಲಭವಾಗಿ ದಾಟಲಾಗುವುದಿಲ್ಲ, ದಾಟಲೂಬಾರದು. ತಕರಾರು ಹಾಕಲು ಅವಕಾಶ ಇರುವುದು ಈಗಾಗಲೇ ನೆಲವೋ ಮನೆಯೋ ಇರುವವರಿಗೆ. ಮುಂದೆ ಆ ಬಡಾವಣೆಯಲ್ಲಿ ಬಾಳಬೇಕಾದವರಿಗೆ ಯಾವ ನೋಟಿಸೂ ಹೋಗುವುದಿಲ್ಲ. ರಾಯಚೂರು, ಯಾದಗಿರಿ, ಕಲಬುರಗಿಯಿಂದ ಬಂದು ಕಟ್ಟಡದ ಕೆಲಸ ಮಾಡುತ್ತಾ ತಗಡಿನ ಶೆಡ್ಡಿನಲ್ಲಿರುವ ಕುಟುಂಬಗಳಿಗೆ, ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳಿಗೆ, ಅಡ್ವಾನ್ಸ್ ಹೊಂದಿಸಲಾಗದೆ ಪ್ರತಿ ಹನ್ನೊಂದು ತಿಂಗಳಿಗೆ ಮನೆ ಬದಲಿಸುವವರಿಗೆ ರಾಜ್ಯಪತ್ರ ಯಾವ ಮೂಲೆಯಲ್ಲಿದೆ ಎಂಬುದೂ ಗೊತ್ತಿಲ್ಲ. ಭೂಮಾಲೀಕನ ಪಹಣಿಯಲ್ಲಿ ಹೆಸರಿಲ್ಲದೆ ಆ ಹೊಲದಲ್ಲಿ ಕೂಲಿ ಮಾಡುವವರ, ಗೋಮಾಳದಲ್ಲಿ ಕುರಿ ಮೇಯಿಸುವವರ ಕತೆಯೂ ಅಷ್ಟೇ. ಇಂಗ್ಲೆಂಡಿನಲ್ಲಿ ಸ್ಥಳೀಯ ಯೋಜನೆಗಳ ಬಗ್ಗೆ ಜನಾಭಿಪ್ರಾಯ ಕೇಳುವ ಪದ್ಧತಿ 1969ರ ಸ್ಕೆಫಿಂಗ್ಟನ್ ವರದಿಯ ನಂತರ ಬೇರೂರಿತು; ಸ್ವಂತ ಮನೆಯಿದ್ದವರ ದನಿಯೇ ಅಲ್ಲಿ ಜೋರಾಗಿ, ಹೊಸಬರಿಗೆ ಮನೆ ಸಿಗದಂತಾಗಿದೆ ಎಂಬ ದೂರು ಇಂದಿಗೂ ಕೇಳಿಬರುತ್ತಿದೆ. ಹಾಗಾಗಿ ಆಕ್ಷೇಪಣೆಗಳನ್ನು ಓಟಿನಂತೆ ಎಣಿಸಿ, ವಿರೋಧ ಹೆಚ್ಚಾದರೆ ಯೋಜನೆ ಬಿಡಬೇಕೆಂಬ ವಾದ ಒಪ್ಪುವಂಥದ್ದಲ್ಲ. ಸಾವಿರ ಜನ ಸಹಿ ಹಾಕಿದ ಒಂದೇ ಒಕ್ಕಣೆಯ ಅರ್ಜಿಗಿಂತ ಒಬ್ಬ ಮಹಿಳೆ ತನ್ನ ಓಣಿಯ ಚರಂಡಿಯ ಬಗ್ಗೆ ಬರೆದ ನಾಲ್ಕು ಸಾಲು ಹೆಚ್ಚು ತೂಕದ್ದಾಗಿರಬಹುದು. ಮನೆಯಿಲ್ಲದವರ ಪರವಾಗಿ ಮಾತಾಡಬೇಕಾದ್ದು ಯೋಜನೆಯೇ: ಎಷ್ಟು ಮನೆ, ಯಾರಿಗೆ, ಎಷ್ಟು ಬೆಲೆಗೆ ಎಂದು ಕರಡಿನಲ್ಲೇ ಅದು ಹೇಳಬೇಕು. ಸಾವಿರಾರು ಎಕರೆ ಪಡೆದು ಮೂವತ್ತು–ನಲವತ್ತರ, ನಲವತ್ತು–ಅರವತ್ತರ ಸೈಟುಗಳನ್ನು ಹಂಚುವ ಬಡಾವಣೆಯಲ್ಲಿ ಆ ಶೆಡ್ಡಿನ ಕುಟುಂಬಕ್ಕೆ ಎಷ್ಟು ಜಾಗ ಸಿಕ್ಕಿದೆ ಎಂದು ಕೇಳಿದರೆ, ಮನೆಯಿಲ್ಲದವರ ಹೆಸರು ಹೇಳಿ ತಕರಾರುಗಳನ್ನು ಬದಿಗೆ ಸರಿಸುವ ಹಕ್ಕು ಯೋಜಕರಿಗೆ ಎಷ್ಟಿದೆ ಎಂಬುದು ಗೊತ್ತಾಗುತ್ತದೆ.

ಅರ್ಜಿಗಳು ಸಾವಿರಗಟ್ಟಲೆ ಬಂದರೆ ಉತ್ತರಿಸುವುದು ಅಸಾಧ್ಯ ಎನ್ನುವವರಿಗೆ ಕಾರಂತ ಬಡಾವಣೆಯ ಸಮಿತಿಯೇ ಉತ್ತರ. ಸಾವಿರಾರು ಕಟ್ಟಡಗಳ ದಾಖಲೆಗಳನ್ನು ಅದು ಒಂದೊಂದಾಗಿಯೇ ನೋಡಿದೆ.

ನಿಜವಾದ ತೊಡಕಿರುವುದು ಎಣಿಕೆಯಲ್ಲಲ್ಲ, ಕೇಳುವ ಕಿವಿ ಯಾರದೆಂಬುದರಲ್ಲಿ. ಬಿಡಿಎ ಕಾಯ್ದೆಯಲ್ಲಿ ಯೋಜನೆ ಮಾಡುವುದು ಪ್ರಾಧಿಕಾರ, ಜಮೀನು ಗುರುತಿಸುವುದು ಪ್ರಾಧಿಕಾರ, ತಕರಾರು ಸ್ವೀಕರಿಸಿ ತೂಗುವುದೂ ಪ್ರಾಧಿಕಾರವೇ. ತನ್ನದೇ ನಕಾಶೆ ತಪ್ಪೆಂದು ತಾನೇ ತೀರ್ಪು ಕೊಡಬೇಕಾದ ಸ್ಥಿತಿಯಲ್ಲಿ ಎಷ್ಟೇ ಪ್ರಾಮಾಣಿಕ ಅಧಿಕಾರಿಯೂ ನಕಾಶೆಯ ಪರ ವಾಲುವುದು ಸಹಜ. ಮಾಸ್ಟರ್ ಪ್ಲಾನಿನ ವಿಷಯದಲ್ಲೂ ಕಾಯ್ದೆ ‘ಪರಿಶೀಲಿಸಿ, ಶಿಫಾರಸಿನೊಂದಿಗೆ ಸರ್ಕಾರಕ್ಕೆ ಸಲ್ಲಿಸಿ’ ಎನ್ನುತ್ತದೆಯೇ ಹೊರತು, ಬರೆದವರಿಗೆ ಉತ್ತರ ಕೊಡಿ ಎನ್ನುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆ ತಂದ ಸಾಮಾಜಿಕ ಪರಿಣಾಮದ ಅಧ್ಯಯನ, ಊರಲ್ಲೇ ನಡೆಯಬೇಕಾದ ಬಹಿರಂಗ ಸಭೆ ಇವೆಲ್ಲ ಈ ಕೊರತೆಯನ್ನು ತುಂಬಬಹುದಿತ್ತು. ಆದರೆ ಬಿಡಿಎ ಕಾಯ್ದೆಯಡಿಯ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಜನವರಿಯಲ್ಲಿ ಹೇಳಿತು. ಪಕ್ಕದ ಜಿಲ್ಲೆಯಲ್ಲಿ ರಾಷ್ಟ್ರೀಯ ಹೆದ್ದಾರಿಗೆ ಜಮೀನು ಕೊಟ್ಟವರಿಗೆ 2013ರ ಕಾಯ್ದೆಯ ದರ, ಬಡಾವಣೆಗೆ ಕೊಟ್ಟವರಿಗೆ ಹಳೆಯ ಲೆಕ್ಕ ಎಂಬ ತಾರತಮ್ಯ ರೈತರ ಅರ್ಜಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದೇ ಕಾರಣಕ್ಕೆ. ತೀರ್ಪು ಕಾನೂನನ್ನು ಸ್ಪಷ್ಟಪಡಿಸಿದೆ. ಕಾನೂನನ್ನು ಬದಲಿಸುವ ಹೊಣೆ ಶಾಸನಸಭೆಯದು.

ಬೇರೆ ದಾರಿಗಳು ಇಲ್ಲದೇ ಇಲ್ಲ. ಗುಜರಾತಿನ 1976ರ ಕಾಯ್ದೆಯಡಿ ಅಹಮದಾಬಾದಿನಲ್ಲಿ ನಡೆಯುವ ಟೌನ್ ಪ್ಲಾನಿಂಗ್ ಸ್ಕೀಮುಗಳಲ್ಲಿ ಜಮೀನನ್ನು ಪೂರ್ತಿ ಕಿತ್ತುಕೊಳ್ಳುವುದಿಲ್ಲ. ಎಲ್ಲರ ಜಮೀನನ್ನೂ ಒಟ್ಟುಗೂಡಿಸಿ ರಸ್ತೆ, ಉದ್ಯಾನ, ಶಾಲೆಗೆ ಬೇಕಾದಷ್ಟನ್ನು ತೆಗೆದು, ಉಳಿದದ್ದನ್ನು ಅಚ್ಚುಕಟ್ಟಾದ ಪ್ಲಾಟುಗಳಾಗಿ ಮಾಲೀಕರಿಗೇ ಹಿಂದಿರುಗಿಸುತ್ತಾರೆ. ಮೊದಲ ಕರಡನ್ನು ಮಾಲೀಕರ ಸಭೆಯ ಮುಂದಿಡುತ್ತಾರೆ. ಮುಂದೆ ಟೌನ್ ಪ್ಲಾನಿಂಗ್ ಅಧಿಕಾರಿ ಮಾಲೀಕರನ್ನು ಬೇರೆಬೇರೆಯಾಗಿ ಕರೆದು ಅಹವಾಲು ಕೇಳುತ್ತಾನೆ. ಆ ನಗರದ 76 ಕಿಲೋಮೀಟರಿನ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಬೇಕಾದ ಜಮೀನು ಹೆಚ್ಚಾಗಿ ಸಿಕ್ಕಿದ್ದು ಹೀಗೆ. ಸ್ಕೀಮು ಅಂತಿಮಗೊಳ್ಳಲು ಅಲ್ಲೂ ವರ್ಷಗಳು ಹಿಡಿಯುತ್ತವೆ, ಜಮೀನಿಲ್ಲದ ಕೂಲಿಗಾರರಿಗೆ ಅಲ್ಲೂ ಪ್ಲಾಟು ಸಿಗುವುದಿಲ್ಲ, ನಿಜ. ಆದರೆ ಕಾಮಗಾರಿ ಕೋರ್ಟಿನಲ್ಲಿ ಸಿಕ್ಕಿಬೀಳುವುದು ಕಡಿಮೆ, ಏಕೆಂದರೆ ತನ್ನ ಪ್ಲಾಟು ಎಲ್ಲಿ ಹೋಯಿತು, ಏಕೆ ಹೋಯಿತು ಎಂಬುದು ಮಾಲೀಕನಿಗೆ ಗೊತ್ತಿರುತ್ತದೆ. ಇಂಥ ಸ್ಕೀಮುಗಳಿಗೆ ನಮ್ಮ 1961ರ ಕಾಯ್ದೆಯಲ್ಲೂ ಪ್ರತ್ಯೇಕ ಅಧ್ಯಾಯವೇ ಇದೆ. ಬಳಕೆ ಮಾತ್ರ ತೀರಾ ಅಪರೂಪ. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆ ಸಿದ್ಧಪಡಿಸಿದ ಯೋಜನೆಯನ್ನೂ ಅದಕ್ಕೆ ಬಂದ ಆಕ್ಷೇಪಗಳನ್ನೂ ಆ ಸಂಸ್ಥೆಗೆ ಸೇರದ ಒಬ್ಬ ಇನ್‌ಸ್ಪೆಕ್ಟರ್ ಬಹಿರಂಗ ವಿಚಾರಣೆಯಲ್ಲಿ ಪರೀಕ್ಷಿಸಿ, ಕಾರಣ ಸಹಿತ ವರದಿ ಬರೆಯುತ್ತಾರೆ. ನಮ್ಮ ಹಳ್ಳಿಗಳಿಗೆ ಹೊಂದುವ ಹಾಗೆ ಇದನ್ನು ಮಾಡುವುದು ಕಷ್ಟವಲ್ಲ. ನಿವೃತ್ತ ಜಿಲ್ಲಾ ನ್ಯಾಯಾಧೀಶರೊಬ್ಬರು ಗ್ರಾಮ ಪಂಚಾಯಿತಿ ಕಚೇರಿಯಲ್ಲಿ ಕುಳಿತು ಅಹವಾಲು ಕೇಳಬಹುದು. ಸರ್ವೇಯರ್ ಜೊತೆಗಿದ್ದರೆ ಅರ್ಧ ತಕರಾರು ಅಲ್ಲೇ ತೀರುತ್ತದೆ.

ಬೆಂಗಳೂರಿನ 2031ರ ಮಾಸ್ಟರ್ ಪ್ಲಾನ್ ಏನಾಯಿತೆಂಬುದನ್ನೂ ಇಲ್ಲಿ ನೆನೆಯಬೇಕು. 2031ರ ವೇಳೆಗೆ ಎರಡು ಕೋಟಿ ದಾಟುವ ಜನಸಂಖ್ಯೆಯನ್ನು ಲೆಕ್ಕಕ್ಕಿಟ್ಟುಕೊಂಡ ಆ ಕರಡಿಗೆ 2017ರ ನವೆಂಬರ್‌ನಲ್ಲಿ ತಾತ್ಕಾಲಿಕ ಅನುಮೋದನೆ ಸಿಕ್ಕಿತು; 2018ರ ಜನವರಿಯವರೆಗೆ ಸಾವಿರಾರು ಆಕ್ಷೇಪಣೆ, ಸಲಹೆಗಳು ಬಂದವು. ಸಂವಿಧಾನದ 74ನೇ ತಿದ್ದುಪಡಿ ಹೇಳುವ ಮಹಾನಗರ ಯೋಜನಾ ಸಮಿತಿ ಮಾಡಬೇಕಾದ ಕೆಲಸವನ್ನು ಬಿಡಿಎ ಹೇಗೆ ಮಾಡುತ್ತದೆ ಎಂಬ ಮೂಲಭೂತ ಪ್ರಶ್ನೆಯನ್ನು ನಾಗರಿಕ ಸಂಘಟನೆಗಳು ಎತ್ತಿದವು. ಎರಡು ವರ್ಷ ದಾಟಿದ ಮೇಲೆ ಸರ್ಕಾರ ಕರಡನ್ನೇ ಹಿಂಪಡೆಯಿತು. ಜನ ದುಡ್ಡು, ಸಮಯ, ಬುದ್ಧಿ ಖರ್ಚುಮಾಡಿ ಬರೆದ ಆ ಕಾಗದಗಳಿಗೆ ಉತ್ತರ ಸಿಗಬೇಕಾದ ಸಂದರ್ಭವೇ ಇಲ್ಲವಾಯಿತು. 2007ರಲ್ಲಿ ಜಾರಿಗೆ ಬಂದ, 2015ಕ್ಕೆಂದು ಮಾಡಿದ ಯೋಜನೆಯ ಮೇಲೆಯೇ ನಗರ ಮನೆ ಕಟ್ಟುತ್ತಾ ಬಂದಿದೆ. ಹತ್ತು ವರ್ಷಕ್ಕೊಮ್ಮೆ ಯೋಜನೆಯ ಪರಿಷ್ಕರಣೆಯಾಗಬೇಕೆಂಬ ಕಾಯ್ದೆಯ ಆಶಯ ಎಷ್ಟು ದೂರ ಉಳಿಯಿತೆಂಬುದಕ್ಕೆ ಬೇರೆ ಪುರಾವೆ ಬೇಡ.

ಈಗ ಮತ್ತೆ ಎರಡು ಅವಕಾಶಗಳಿವೆ. ಒಂದು ಬಿಡದಿಯದು. 2006ರಿಂದಲೂ ಟೌನ್‌ಶಿಪ್ಪಿನ ಮಾತು ಕೇಳುತ್ತಾ ಬಂದಿರುವ ಬೈರಮಂಗಲ, ಕಂಚುಗಾರನಹಳ್ಳಿಯ ಸುತ್ತಲಿನ ಹಳ್ಳಿಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ಎಕರೆಗೆ 2025ರಲ್ಲಿ ಪ್ರಾಥಮಿಕ ಅಧಿಸೂಚನೆ ಬಂದಿದೆ. ಹೈನುಗಾರಿಕೆ, ರೇಷ್ಮೆ, ತೆಂಗು ನಂಬಿದ ರೈತರು ಆಕ್ಷೇಪಣೆ ಸಲ್ಲಿಸಿದ್ದಾರೆ, ಧರಣಿಯನ್ನೂ ನಡೆಸಿದ್ದಾರೆ. ಉತ್ತರ ಸಿಗದ ಆಕ್ಷೇಪಣೆ ಬೀದಿಗೆ ಬಂದರೆ ಎಷ್ಟು ದಿನ ನಿಲ್ಲಬಲ್ಲದೆಂಬುದನ್ನು ದೇವನಹಳ್ಳಿ ತೋರಿಸಿದೆ. ಅಲ್ಲಿ ಕೈಗಾರಿಕೆಗೆಂದು ಗುರುತಿಸಿದ 1,777 ಎಕರೆಯ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ರೈತರು ಕುಳಿತರು, 2025ರ ಜುಲೈನಲ್ಲಿ ಸರ್ಕಾರ ಆ ಸ್ವಾಧೀನವನ್ನೇ ಕೈಬಿಟ್ಟಿತು. ಇನ್ನೊಂದು ಅವಕಾಶ ಗ್ರೇಟರ್ ಬೆಂಗಳೂರು ಪ್ರಾಧಿಕಾರದ್ದು. ನಗರ ಯೋಜನೆಯ ಅಧಿಕಾರ ಈಗ ಅದರ ಕೈಗೆ ಬಂದಿದೆ, ಹೊಸ ಮಾಸ್ಟರ್ ಪ್ಲಾನಿನ ಕರಡನ್ನು ಅದು ಇಂದಲ್ಲ ನಾಳೆ ಪ್ರಕಟಿಸಲೇಬೇಕು. ಆ ಕರಡು ಸರ್ವೆ ನಂಬರುಗಳ ಸಮೇತ ಕನ್ನಡದಲ್ಲಿ ಪ್ರತಿ ವಾರ್ಡ್ ಕಚೇರಿಯ ಗೋಡೆಯ ಮೇಲೆ ಇರಬೇಕು. ಬಂದ ಪ್ರತಿ ಆಕ್ಷೇಪಣೆಗೂ ಸಂಖ್ಯೆ ಕೊಟ್ಟು, ಯೋಜನೆ ಬರೆಯದ ಒಬ್ಬರಿಂದ ವಿಚಾರಣೆ ಮಾಡಿಸಿ, ಒಪ್ಪಿದರೆ ನಕಾಶೆ ತಿದ್ದಿ, ಒಪ್ಪದಿದ್ದರೆ ಏಕೆಂದು ನಾಲ್ಕು ಸಾಲು ಬರೆದು, ಅಂತಿಮ ಅಧಿಸೂಚನೆಗೆ ಮುಂಚೆ ಎಲ್ಲವನ್ನೂ ಒಟ್ಟಿಗೆ ಪ್ರಕಟಿಸಬೇಕು. ಕಾಯ್ದೆ ಇದನ್ನು ಕಡ್ಡಾಯ ಮಾಡಿಲ್ಲವಾದರೂ ತಡೆದೂ ಇಲ್ಲ; ತಿದ್ದುಪಡಿಗೆ ಕಾಯದೆ ಒಂದು ಸರ್ಕಾರಿ ಆದೇಶದಿಂದಲೇ ಶುರು ಮಾಡಬಹುದು, ಬಿಡದಿಯ ರೈತರು ಕೊಟ್ಟಿರುವ ಅರ್ಜಿಗಳಿಂದಲೇ ಮೊದಲಾಗಿ.